ಕಂಬಕ್ಕೆ ಗುದ್ದಿದ ಮೂರು ಸೆಕೆಂಡು: ಜಾಹೀರಾತು ಯಂತ್ರಕ್ಕೊಂದು ದೂರು

ಮಾನ್ಯ ಜಾಹೀರಾತು ವಿಶ್ಲೇಷಣಾ ಯಂತ್ರದವರೇ,

ಯಾರು ಯಾವ ಜಾಹೀರಾತನ್ನು ಎಷ್ಟು ಹೊತ್ತು ನೋಡಿದರು, ಎಲ್ಲಿ ಬೇಸರಪಟ್ಟರು, ಎಲ್ಲಿ ಬೆರಳಿನಿಂದ ಮೇಲಕ್ಕೆ ತಳ್ಳಿ ಓಡಿಹೋದರು ಎಂಬುದನ್ನು ಕ್ಷಣಕ್ಷಣವೂ ಎಣಿಸುತ್ತ, ಊಟ ನಿದ್ದೆ ಬಿಟ್ಟು ದುಡಿಯುತ್ತಿರುವ ತಮ್ಮ ಕ್ಷೇಮವನ್ನು ಮೊದಲು ವಿಚಾರಿಸಿ, ಆಮೇಲೆ ಜಗಳಕ್ಕೆ ಬರುತ್ತೇನೆ. ನಾನು ಕಾರು ಓಡಿಸಲು ಕಲಿಸುವ ಶಾಲೆಯ ಒಡತಿ. ಎರಡು ಕಾರು, ಒಂದು ಕೋಣೆಯ ಕಚೇರಿ, ಗೋಡೆಯಲ್ಲಿ ಸಂಚಾರ ಚಿಹ್ನೆಗಳ ಪಟ, ಬಾಗಿಲ ಮೇಲೆ 'ಇಪ್ಪತ್ತೆರಡು ವರ್ಷ, ಒಂದು ಗೀರೂ ಇಲ್ಲ' ಎಂಬ ಬೋರ್ಡು. ಆ ಬೋರ್ಡೇ ನನ್ನ ಮಾನ. ಅದನ್ನು ತಾವು ಹದಿನೇಳು ನಿಮಿಷಗಳಲ್ಲಿ ಮೂರಾಬಟ್ಟೆ ಮಾಡಿದಿರಿ.

ನಡೆದದ್ದು ಇಷ್ಟು. ಆರು ವಾರಗಳ ಹಿಂದೆ ಮೂವತ್ತು ಸೆಕೆಂಡಿನ ಜಾಹೀರಾತು ತೆಗೆಸಿದೆವು. ಕೊನೆಯಲ್ಲಿ ನಾನು ಕಾರನ್ನು ರಿವರ್ಸ್ ತೆಗೆಯುತ್ತಿದ್ದಾಗ ಕ್ಯಾಮೆರಾದವನು "ಸ್ವಲ್ಪ ನಗಿ ಮೇಡಂ" ಎಂದ. ಸ್ಟಿಯರಿಂಗ್ ಹಿಡಿದು ನಗುವ ಅಭ್ಯಾಸ ನನಗೆ ಯಾವತ್ತೂ ಇಲ್ಲ. ನಕ್ಕೆ, ಗೇಟಿನ ಕಂಬಕ್ಕೆ ಗುದ್ದಿದೆ. ಆ ಮೂರು ಸೆಕೆಂಡನ್ನು ಕತ್ತರಿಸಿಬಿಡು ಎಂದು ಮಗಳಿಗೆ ಹೇಳಿದ್ದೆ. ಅವಳು ಮರೆತು ಇಡೀ ವಿಡಿಯೋವನ್ನೇ ತಮ್ಮ ಕೈಗಿಟ್ಟಳು.

ತಮ್ಮ ಚುರುಕುತನವನ್ನು ಎಷ್ಟು ಹೊಗಳಿದರೂ ಸಾಲದು. ಹತ್ತು ಗಂಟೆಗೆ ಜಾಹೀರಾತು ಹೊರಟಿತು. ಹತ್ತೂ ನಾಲ್ಕಕ್ಕೆ ತಾವು ನನ್ನ ಇಸ್ತ್ರಿ ಮಾಡಿದ ಸಮವಸ್ತ್ರವನ್ನೂ ಇಪ್ಪತ್ತೆರಡು ವರ್ಷಗಳ ಅನುಭವವನ್ನೂ ಯಾರೂ ನೋಡುತ್ತಿಲ್ಲವೆಂದು ಕಂಡುಹಿಡಿದಿರಿ. ಹತ್ತೂ ಒಂಬತ್ತಕ್ಕೆ ಕಂಬದ ಬಳಿ ಮಾತ್ರ ಜನ ಕಣ್ಣು ಕೀಳುತ್ತಿಲ್ಲವೆಂದು ಪತ್ತೆಹಚ್ಚಿದಿರಿ. ಹತ್ತೂ ಹದಿನೇಳಕ್ಕೆ ಮೊದಲ ಇಪ್ಪತ್ತೇಳು ಸೆಕೆಂಡುಗಳನ್ನು ಯಾರನ್ನೂ ಕೇಳದೆ ಕಿತ್ತೆಸೆದು, ನಾನು ನಗುವುದು, ಗುದ್ದುವುದು, ಕಿಟಕಿಯಿಂದ ತಲೆ ಹೊರಹಾಕಿ ಪೆಚ್ಚಾಗಿ ನೋಡುವುದು, ಇಷ್ಟನ್ನೇ ಊರಿಗೆಲ್ಲ ಹಂಚಿದಿರಿ. ಈ ಲೆಕ್ಕವೆಲ್ಲ ಕಾಣುವ ತಮ್ಮ ಪರದೆಗೆ ಡ್ಯಾಶ್‌ಬೋರ್ಡ್ ಎನ್ನುತ್ತಾರಂತೆ; ನಮ್ಮ ಕಾರಿನಲ್ಲೂ ಒಂದು ಡ್ಯಾಶ್‌ಬೋರ್ಡ್ ಇದೆ. ಪಾಪ, ಅದು ಪೆಟ್ರೋಲ್ ಮುಗಿದಾಗ ಬಿಟ್ಟರೆ ಯಾರ ಮನೆ ವಿಷಯಕ್ಕೂ ಬಾಯಿ ಹಾಕುವುದಿಲ್ಲ.

ಮಧ್ಯಾಹ್ನದೊಳಗೆ ನನ್ನ ನಾದಿನಿ ಫೋನ್ ಮಾಡಿ, "ಅತ್ತಿಗೆ, ಕಂಬ ಹೇಗಿದೆ? ಏನೂ ಪೆಟ್ಟಾಗಿಲ್ಲ ತಾನೆ?" ಎಂದು ಕೇಳಿದಳು. ನನಗೆ ಪೆಟ್ಟಾಯಿತೇ ಎಂದು ಕೇಳಲಿಲ್ಲ. ಸಂಜೆ ಹೊತ್ತಿಗೆ ಕಂಬದ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುವವರ ಸಾಲು. ಕಂಬವನ್ನು ರಿಪೇರಿ ಮಾಡಬೇಡಿ, ಮಂಗಳವಾರ ಬೆಳಗ್ಗೆ ಹನ್ನೊಂದೂ ಹತ್ತಕ್ಕೆ ಇನ್ನೊಮ್ಮೆ ಗುದ್ದಿದರೆ ಉತ್ತಮ, ಕೆಂಪು ಕಾರಾದರೆ ಶೇಕಡಾ ಹದಿನಾಲ್ಕು ಹೆಚ್ಚು ಉತ್ತಮ ಎಂಬ ತಮ್ಮ ಸಲಹೆಯನ್ನು ನಾನು ಭಕ್ತಿಯಿಂದ ಓದಿ, ಮೆಕ್ಯಾನಿಕ್ಕಿಗೂ ಓದಿಹೇಳಿದೆ. ಆತ ಕಣ್ಣೀರು ಬರುವಷ್ಟು ನಕ್ಕು, ಮಂಗಳವಾರ ಬಿಡುವು ಮಾಡಿಕೊಳ್ಳುವುದಾಗಿ ಭರವಸೆ ಕೊಟ್ಟಿದ್ದಾನೆ.

ಆದುದರಿಂದ ತಮ್ಮಲ್ಲಿ ಬೇಡಿಕೊಳ್ಳುವುದೇನೆಂದರೆ, ಆ ವಿಡಿಯೋ ನೋಡಿದ ಎಂಬತ್ತನಾಲ್ಕು ಸಾವಿರ ಮಂದಿಯ ಮನೆಗೂ ಒಬ್ಬೊಬ್ಬರನ್ನೇ ಕಳುಹಿಸಿ, ತಪ್ಪು ನನ್ನದಲ್ಲ, ನಗುವಿನದು ಎಂದು ತಿಳಿಹೇಳಬೇಕು. ನೋಡಿದವರ ಕಣ್ಣಿನಿಂದ ಆ ಮೂರು ಸೆಕೆಂಡನ್ನು ವಾಪಸು ಪಡೆಯಬೇಕು. ಸಾಧ್ಯವಾದರೆ ಕಂಬದಿಂದಲೂ ಒಂದು ಹೇಳಿಕೆ ಬರೆಸಿಕೊಳ್ಳಬೇಕು.

ಇಷ್ಟು ಬರೆದು ಸಹಿ ಹಾಕುವವಳಿದ್ದೆ. ಆದರೆ ಅಷ್ಟರಲ್ಲಿ ಕಾರು ಕಲಿಯಲು ಜನ ಬರತೊಡಗಿದರು, ಎಂಥವರು ಅಂತೀರಿ! ಕಾರಿನ ಬಾಗಿಲು ತೆಗೆದರೇ ಬೆವರುವವರು, ಹಾರ್ನ್ ಕೇಳಿದರೆ ಕಣ್ಣು ಮುಚ್ಚುವವರು, ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದ ಒಬ್ಬ ಮುಖ್ಯೋಪಾಧ್ಯಾಯಿನಿ. "ನೀವೇ ಗುದ್ದುತ್ತೀರಲ್ಲಮ್ಮ, ನಮ್ಮನ್ನು ಬೈಯೋದಿಲ್ಲ ಅಂತ ಧೈರ್ಯ ಬಂತು" ಎಂದರು ಆಕೆ. ನನಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಹೇಗೂ ಕಲಿತುಬಿಡುವವರಿಗಷ್ಟೇ ಇಷ್ಟು ವರ್ಷ ಕಲಿಸಿದೆನೇನೋ.

ಆಮೇಲೆ ತಮ್ಮ ವಾರದ ವರದಿ ಬಂತು. ಆ ವಿಡಿಯೋವನ್ನು ಅತಿ ಹೆಚ್ಚು, ಅಂದರೆ ಅರವತ್ತಮೂರು ಸಲ ನೋಡಿದ ಗ್ರಾಹಕರು ನಮ್ಮ ಮನೆಯ ವೈಫೈಯಲ್ಲೇ ಇದ್ದಾರೆಂದೂ, ಅವರನ್ನು ಕೂಡಲೇ ಸೇರಿಸಿಕೊಳ್ಳಬೇಕೆಂದೂ ಸೂಚಿಸಿದ್ದಿರಿ. ನಮ್ಮ ಮನೆಯಲ್ಲಿರುವುದು ನಾನು ಮತ್ತು ಮಗಳು. ಅವಳಿಗೆ ಹದಿನೆಂಟು ತುಂಬಿದಾಗ ಕಾರು ಕಲಿಸಲು ಕೂರಿಸಿ, ಅವಳ ತಪ್ಪುಗಳನ್ನು ಗಟ್ಟಿಯಾಗಿ ಎಣಿಸುತ್ತ ಹೋಗಿದ್ದೆ. ನಲವತ್ತೊಂದನೇ ತಪ್ಪಿಗೆ ಅವಳು ನಡುರಸ್ತೆಯಲ್ಲೇ ಇಳಿದು ಮನೆಗೆ ನಡೆದುಬಂದಳು. ಎಂಟು ವರ್ಷವಾಯಿತು, ಸ್ಟಿಯರಿಂಗ್ ಮುಟ್ಟಿರಲಿಲ್ಲ. ನಾನು ಕಾರಿನಲ್ಲಿ ಹೋಗುವ ಕಡೆಗೂ ಅವಳು ಬಸ್ಸಿನಲ್ಲೇ ಬರುತ್ತಿದ್ದಳು. ವರದಿ ಬಂದ ಮರುದಿನ ಅದೇ ಮಗಳು ಉಳಿದವರ ಜೊತೆ ಸಾಲಿನಲ್ಲಿ ನಿಂತು, ಅರ್ಜಿ ನನ್ನ ಮೇಜಿನ ಮೇಲಿಟ್ಟು, "ನಿನ್ನ ಕೈಲೂ ತಪ್ಪಾಗತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ಅಮ್ಮ. ನಂಗೂ ಕಲಿಸ್ತೀಯಾ?" ಎಂದಳು. ಯಂತ್ರದವರೇ, ನಾನು ಅತ್ತುಬಿಟ್ಟೆ. ಎಲ್ಲರೆದುರು, ಸಮವಸ್ತ್ರದಲ್ಲೇ.

ಹೀಗಾಗಿ ಮೇಲಿನ ಬೇಡಿಕೆಗಳನ್ನೆಲ್ಲ ಸದ್ಯಕ್ಕೆ ಕಪಾಟಿನಲ್ಲಿಡಿ. ಬರುವ ಶುಕ್ರವಾರ ಅವಳ ಲೈಸೆನ್ಸ್ ಪರೀಕ್ಷೆ. ದಿನಾ ಬೆಳಗ್ಗೆ ಅವಳು ಆ ವಿಡಿಯೋ ಒಮ್ಮೆ ನೋಡಿ, ಬಿದ್ದು ಬಿದ್ದು ನಕ್ಕು, ಆಮೇಲೆಯೇ ಕೀ ತಿರುಗಿಸುವುದು. ಅಲ್ಲಿಯವರೆಗೆ ದಯವಿಟ್ಟು ನನ್ನ ಮಾನವನ್ನು ಹೀಗೆಯೇ ಹರಾಜು ಹಾಕುತ್ತಿರಿ. ಬೋರ್ಡನ್ನು ನಾನೇ ಇಳಿಸಿದ್ದೇನೆ.

ಇಂತಿ, ಮುಂದಕ್ಕೆ ಹೋಗುವಾಗ ಮಾತ್ರ
ತಮ್ಮ ವಿಶ್ವಾಸಿ,
ಕಾರು ಶಾಲೆಯ ಒಡತಿ

ತಾ.ಕ.: ನಿನ್ನೆ ದೊಡ್ಡ ಸಿಗ್ನಲ್ಲಿನಲ್ಲಿ ಮಗಳು ಏಳು ಸಲ ಎಂಜಿನ್ ಆಫ್ ಮಾಡಿಕೊಂಡಳು. ಏಳು ಎನ್ನುವುದು ಅವಳ ಲೆಕ್ಕ; ನಾನು ಎಣಿಸಲಿಲ್ಲ. ಹಿಂದಿನವರೆಲ್ಲ ಹಾರ್ನ್ ಹೊಡೆಯುತ್ತಿದ್ದರೆ ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಅಲ್ಲಿ ಕ್ಯಾಮೆರಾ ಇರಲಿಲ್ಲ, ಫೋನುಗಳೆರಡೂ ಮನೆಯಲ್ಲಿದ್ದವು. ತಮಗೆ ಅದರ ಒಂದು ಸೆಕೆಂಡೂ ಸಿಗುವುದಿಲ್ಲ. ಹೊಟ್ಟೆ ಉರಿಸಿಕೊಳ್ಳಿ.