ಸಾಹೇಬರಿಗೆ ಶ್ರದ್ಧಾಂಜಲಿ

ಇಷ್ಟೆಲ್ಲ ಆದದ್ದು ಒಂದು ಲೋಟ ಚಹಾದ ಆಸೆಯಿಂದ.

ನೀರು ಸರಬರಾಜು ಕಚೇರಿಯ ಜಾಲತಾಣ ನೋಡಿಕೊಳ್ಳುತ್ತಿದ್ದವನನ್ನು ಅಲ್ಲಿ ಎಲ್ಲರೂ ಜಾಲಣ್ಣ ಎಂದೇ ಕರೆಯುತ್ತಿದ್ದರು. ಅವನು ಹಂಗಾಮಿ ನೌಕರ. ಎಷ್ಟರಮಟ್ಟಿಗೆ ಎಂದರೆ, ಅವನ ಅತ್ತೆ ಬಂದವರಿಗೆ ಅವನ ಗುರುತು ಹೇಳುವಾಗಲೂ, "ಇವರು ಸದ್ಯಕ್ಕೆ ನಮ್ಮ ಅಳಿಯಂದಿರು" ಅನ್ನುತ್ತಿದ್ದರು. ಅಂಥವನ ಕಡೆ ದೇವರು ಕೊನೆಗೂ ತಿರುಗಿ ನೋಡಿದ್ದ. ಕೆಲಸ ಕಾಯಂ ಮಾಡುವ ಆದೇಶ ನಿರ್ದೇಶಕರ ಮೇಜಿಗೆ ಬಂದಿತ್ತು. ಸಂಜೆ ಸಹಿ ಹಾಕುತ್ತೇನೆ ಎಂದು ಸಾಹೇಬರು ಬಾಯಿಬಿಟ್ಟು ಹೇಳಿಯೂ ಆಗಿತ್ತು.

ಅದೇ ಬೆಳಿಗ್ಗೆ ಸಾಹೇಬರು ಊರಾಚೆಯ ನೀರಿನ ಟ್ಯಾಂಕು ನೋಡಲು ಹೊರಟವರು ಬಾಗಿಲಲ್ಲಿ ನಿಂತು, ಹಿಂದೊಮ್ಮೆ ಇಲ್ಲಿ ನಿರ್ದೇಶಕರಾಗಿದ್ದ ಹಿರಿಯರು ತೀರಿಕೊಂಡರಂತೆ, ಒಂದು ಶ್ರದ್ಧಾಂಜಲಿ ಪುಟ ಹಾಕಿಬಿಡು ಎಂದು ಜಾಲಣ್ಣನಿಗೆ ಹೇಳಿ ಹೋದರು.

ಈ ಜಾಲತಾಣದಲ್ಲಿ ಯಾವ ಪುಟವೂ ಮೊದಲೇ ಸಿದ್ಧವಾಗಿ ಕೂತಿರುತ್ತಿರಲಿಲ್ಲ. ಯಾರಾದರೂ ಬಂದು ಕೇಳಿದರೆ, ಸರ್ವರ್ ಎಂಬ ಯಂತ್ರ ನೌಕರರ ಪಟ್ಟಿ ತೆಗೆದು, ಹೆಸರು ಹುಡುಕಿ, ಫೋಟೊ ಅಂಟಿಸಿ, ಆ ಗಳಿಗೆಗೆ ಪುಟ ಕಟ್ಟಿ ಮುಂದಿಡುತ್ತಿತ್ತು. ನೆಂಟರು ಬಾಗಿಲು ತಟ್ಟಿದ ಮೇಲೆ ಒಲೆ ಹಚ್ಚುವ ಮನೆ ಇದ್ದ ಹಾಗೆ. ಹೇಗೆ ಕಟ್ಟಬೇಕೆಂದು ಅದಕ್ಕೆ ಬರೆದುಕೊಟ್ಟವನು ಜಾಲಣ್ಣ. ಬರೆದುಕೊಟ್ಟಷ್ಟನ್ನು ಮಾಡುವುದು, ಅದರಾಚೆ ಕೂದಲೆಳೆಯಷ್ಟೂ ಯೋಚಿಸದಿರುವುದು ಅದರ ಗುಣ. ಆ ಮಟ್ಟಿಗೆ ಆ ಕಚೇರಿಗೆ ಹೇಳಿ ಮಾಡಿಸಿದ ನೌಕರ.

ಹೊಸ ಪುಟ ಬರೆಯುವ ತಾಪತ್ರಯ ಯಾಕೆಂದು ಜಾಲಣ್ಣ, ನಿರ್ದೇಶಕರ ಹುಟ್ಟುಹಬ್ಬಕ್ಕೆಂದು ಮಾಡಿದ್ದ ಪುಟವನ್ನೇ ಎಳೆದುಕೊಂಡ. 'ನೂರು ಕಾಲ ಬಾಳಿ' ಎಂದಿದ್ದ ಕಡೆ 'ಆತ್ಮಕ್ಕೆ ಶಾಂತಿ ಸಿಗಲಿ' ಎಂದು ತಿದ್ದಿದ. ಬಣ್ಣದ ಅಂಚಿಗೆ ಕಪ್ಪು ಬಳಿದ. ಹೆಸರನ್ನೂ ಫೋಟೊವನ್ನೂ ಸರ್ವರ್ ಹಾಕಿಕೊಳ್ಳುತ್ತದೆ ಬಿಡು ಎಂದು, ತೆರೆದು ನೋಡುವ ಗೋಜಿಗೂ ಹೋಗದೆ ಚಹಾಕ್ಕೆ ಎದ್ದ.

ಸರ್ವರ್ ನಿಷ್ಠೆಯಿಂದ ಹಾಕಿಕೊಂಡಿತು. ಪಟ್ಟಿಯಲ್ಲಿ ನಿರ್ದೇಶಕ ಎಂಬ ಹುದ್ದೆಯ ಎದುರು ಯಾರಿದ್ದರೋ ಅವರನ್ನೇ ಹಾಕಿತು. ಅಲ್ಲಿದ್ದವರು ಹೊಟ್ಟೆ ತುಂಬ ತಿಂದು, ಫೋನೂ ಸಿಗದ ಜಾಗದಲ್ಲಿ ಟ್ಯಾಂಕಿನ ಸುತ್ತ ಓಡಾಡುತ್ತಿದ್ದ ಈಗಿನ ಸಾಹೇಬರು.

ಪುಟದ ಕೆಳಗೆ ಸಂತಾಪ ಬರೆಯಲು ಜಾಗವಿತ್ತು. ಮೊದಲು ಬರೆದವರು ಉಪನಿರ್ದೇಶಕರು. ಸಾಹೇಬರಿಗಿಂತ ವಯಸ್ಸಿನಲ್ಲಿ ದೊಡ್ಡವರಾದರೂ, ತಂದೆಯನ್ನು ಕಳೆದುಕೊಂಡಂತಾಯಿತು ಎಂದು ಬರೆದರು. ಉಗ್ರಾಣದವನು, ಅವರ ಬೈಗುಳವಿಲ್ಲದೆ ಇನ್ನು ಬೆಳಗಾಗುವುದು ಹೇಗೆ ಎಂದು ಬರೆದ. ಸಾಹೇಬರ ನೆರಳು ಕಂಡರೆ ದಾರಿ ಬದಲಿಸುತ್ತಿದ್ದವರೆಲ್ಲ ಸಾಲಾಗಿ ಬಂದು ಅತ್ತರು. ಸತ್ತವನ ವಿಷಯದಲ್ಲಿ ಮನುಷ್ಯನಿಗೆ ಇಷ್ಟು ಪ್ರೀತಿ ಕೊಟ್ಟ ಭಗವಂತ ಬದುಕಿರುವವನ ವಿಷಯದಲ್ಲಿ ಯಾಕೆ ಕೈ ಬಿಗಿಹಿಡಿದನೋ ಕಾಣೆ. ಆಮೇಲೆ ಉಪನಿರ್ದೇಶಕರು, ಕುರ್ಚಿ ಖಾಲಿ ಬಿಡಬಾರದೆಂದು ತಾವೇ ಅದರಲ್ಲಿ ಕೂತು ರಜೆ ಸಾರಿದರು. ಉಗ್ರಾಣದವನು ಉಳಿದ ಕೋಣೆಗಳಿಗೆಲ್ಲ ಬೀಗ ಜಡಿದು, ಕೀಲಿಗಳ ಸಮೇತ ಹೂವಿನ ಚಕ್ರ ತರಲು ಹೋದ.

ಜಾಲಣ್ಣ ತುಟಿ ಒರೆಸಿಕೊಳ್ಳುತ್ತ ಬಂದರೆ ಅವನ ಕಂಪ್ಯೂಟರಿದ್ದ ಕೋಣೆಗೂ ಬೀಗ. ಉಪನಿರ್ದೇಶಕರು ಒಣಗಿದ ಕಣ್ಣನ್ನು ಕರವಸ್ತ್ರದಿಂದ ಒತ್ತಿಕೊಂಡು, "ಸಾಹೇಬ್ರು ಮೇಲಕ್ಕೆ ಹೋಗ್ಬಿಟ್ರಪ್ಪ" ಅಂದರು.

"ಹೌದು ಸಾರ್, ಟ್ಯಾಂಕಿಗೆ ಏಣಿ ಇದೆ."

ಅವರು ಫೋನ್ ತೆಗೆದು ಪುಟ ತೋರಿಸಿದರು. ತಪ್ಪು ತನ್ನದೇ, ಸಾಹೇಬರು ಗಟ್ಟಿಯಾಗಿದ್ದಾರೆ ಎಂದು ಜಾಲಣ್ಣ ಪರಿಪರಿಯಾಗಿ ಹೇಳಿದ. ಕುರ್ಚಿ ಈಗಷ್ಟೇ ಮೈಗೆ ಹೊಂದುತ್ತಿದ್ದ ಉಪನಿರ್ದೇಶಕರಿಗೆ ಅದು ರುಚಿಸಲಿಲ್ಲ. "ದುಃಖದಲ್ಲಿ ಹಾಗೆಲ್ಲ ಅನ್ಸುತ್ತೆ ಕಣಪ್ಪ. ಮನೆಗೆ ಹೋಗಿ ಮಲಕ್ಕೋ" ಅಂದರು.

ಕೀಲಿ ಸಿಕ್ಕರೆ ಪುಟ ಅಳಿಸಬಹುದೆಂದು ಅವನು ಗೇಟಿಗೆ ಓಡಿದ. ಅತ್ತಲಿಂದ ಚಕ್ರ ಹೊತ್ತ ಉಗ್ರಾಣದವನು ಬರುವುದಕ್ಕೂ, ಸಾಹೇಬರು ಜೀಪಿನಿಂದ ಇಳಿಯುವುದಕ್ಕೂ ಸರಿಹೋಯಿತು. ಅಭ್ಯಾಸಬಲದಿಂದ ಉಗ್ರಾಣದವನ ಸೊಂಟ ಬಗ್ಗಿತು. ಎರಡೂ ಕೈಯಲ್ಲಿ ಚಕ್ರ ಚಾಚಿ, "ನಿಮಗೇ ತಂದಿದ್ದು ಸಾರ್" ಅಂದ.

ಸಾಹೇಬರು ತಮ್ಮ ಕೋಣೆಗೆ ಬಂದಾಗ ಉಪನಿರ್ದೇಶಕರು ಇರಲಿಲ್ಲ, ಕುರ್ಚಿ ಮಾತ್ರ ಬೆಚ್ಚಗಿತ್ತು. ಜಾಲಣ್ಣ ಎದುರು ನಿಂತು ಎಲ್ಲವನ್ನೂ ಒಪ್ಪಿಕೊಂಡ. ಸಾಹೇಬರು ಫೋನಿನಲ್ಲಿ ಪುಟ ತೆರೆದರು. ಓದುತ್ತ ಓದುತ್ತ ಅವರ ಮುಖ ಹಾಲುಕ್ಕಿದಂತೆ ಉಕ್ಕಿತು. ಕೆಲವನ್ನು ಎರಡೆರಡು ಸಲ ಓದಿದರು. ಬದುಕಿದ್ದಾಗಲೇ ಇದನ್ನೆಲ್ಲ ಓದುವ ಪುಣ್ಯ ಎಷ್ಟು ಜನಕ್ಕಿದೆ ಎಂದು ಕಣ್ಣೊರೆಸಿಕೊಂಡರು. ಪುಟ ಅಳಿಸುವುದು ಬೇಡ, ವಾರವಿಡೀ ಇರಲಿ ಎಂದರು. ಆದೇಶ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು. ಜಾಲಣ್ಣ ಮನಸ್ಸಿನಲ್ಲೇ ದೇವರಿಗೆ ಅಡ್ಡಬಿದ್ದ.

ಪೆನ್ನು ಕಾಗದದ ಮೇಲೆ ನಿಂತಿತು.

"ಅಲ್ಲಯ್ಯ, ಇಡೀ ಆಫೀಸೇ ನನಗೋಸ್ಕರ ಅತ್ತಿದೆ. ನಿನ್ನದೊಂದು ಸಾಲಿಲ್ಲ?"

"ನೀವು ಬದುಕಿದ್ದೀರಿ ಅಂತ ನನಗೆ ಗೊತ್ತಿತ್ತಲ್ಲ ಸಾರ್."

"ಅದಕ್ಕೇ ಬರೀಲಿಲ್ಲ ಅನ್ನು. ಈಗ ಬರಿ, ನನ್ನೆದುರಿಗೇ. ಆಮೇಲೆ ಸಹಿ."

ಜಾಲಣ್ಣ ತನ್ನ ಫೋನ್ ತೆಗೆದು, ಕಲ್ಲೂ ಕರಗುವಂಥ ನಾಲ್ಕು ಸಾಲು ಬರೆದ. ಕಳುಹಿಸುವ ಗುಂಡಿ ಒತ್ತಿದ. ಸರ್ವರ್ ಒಳಗೆ ಹೋಯಿತು, ಪಟ್ಟಿ ತೆಗೆಯಿತು, ಕೇಳುತ್ತಿರುವವನು ಯಾರೆಂದು ನೋಡಿತು, ಹೊಸ ಪುಟ ಕಟ್ಟಿ ತಂದಿಟ್ಟಿತು: 'ಕ್ಷಮಿಸಿ. ಇಲ್ಲಿ ಬರೆಯುವ ಅವಕಾಶ ಕಾಯಂ ನೌಕರರಿಗೆ ಮಾತ್ರ.'

ಆ ನಿಯಮ ಮಾಡಿದವರು ಸಾಹೇಬರು. ಅದನ್ನು ಸರ್ವರ್‌ಗೆ ಬರೆದುಕೊಟ್ಟವನು ಜಾಲಣ್ಣ.

ಸಾಹೇಬರು ಅದನ್ನು ಓದಿದರು, ತಲೆದೂಗಿದರು, ಪೆನ್ನಿಗೆ ಮುಚ್ಚಳ ಹಾಕಿದರು.

"ನಿಯಮ ಅಂದ್ಮೇಲೆ ನಿಯಮ. ಅವಸರ ಏನಿಲ್ಲಪ್ಪ, ಕಾಯಂ ಆದ್ಮೇಲೆ ಬರಿ. ನೀನು ಬರೆದ ದಿನವೇ ಸಹಿ ಹಾಕ್ತೀನಿ."