ಬೆಲ್ಲದ ಡಬ್ಬಿಯ ತಿಂಗಳು

ಕೊನೆಯ ದಿನವೂ ನಾವು ಜಗಳವಾಡಿದ್ದು ಒಂದು ಖಾಲಿ ಡಬ್ಬಿಗೆ.

ಇವರು, ನನ್ನ ಗಂಡ, ಟೈಲರ್. ಇಸ್ಲಾಮಿ ತಿಂಗಳುಗಳ ಹೆಸರು ನನ್ನ ತಲೆಗೆ ಹತ್ತುವುದಿಲ್ಲ ಎಂದು ಅಡುಗೆಮನೆಯ ಡಬ್ಬಿಗಳಿಗೇ ಹೆಸರಿಟ್ಟಿದ್ದರು. ಉಪ್ಪು ಮೊಹರಂ. ಪಕ್ಕದ್ದು ಸಫರ್. ಎರಡು ರಬೀಗೆ ದೊಡ್ಡ ಬೇಳೆ, ಸಣ್ಣ ಬೇಳೆ. ಎರಡು ಜುಮಾದಾಕ್ಕೆ ಸಕ್ಕರೆ, ಬೆಲ್ಲ. ರಂಜಾನ್ ಬಿಸ್ಕತ್ತು (ಹಗಲು ಮುಟ್ಟಬೇಡ ಎಂದವರು ಅವರೇ, ಮುಟ್ಟುತ್ತಿದ್ದವರೂ ಅವರೇ).

"ಸಫರ್ ಯಾವಾಗ್ಲೂ ಖಾಲಿ ಯಾಕ್ರೀ?"

"ಹೆಸರಿನ ಅರ್ಥಾನೇ ಖಾಲಿ ಅಂತಾರೆ ಕಣೇ. ನಾಳೆ ಏನಾದ್ರೂ ತಂದು ತುಂಬಿಸ್ತೀನಿ, ಬಿಡು."

ಅಂದು ಸಫರ್ ತಿಂಗಳ ಮೊದಲ ದಿನ. ಮರುದಿನ ಬೆಳಿಗ್ಗೆ ಅವರು ಏಳಲಿಲ್ಲ.

ಇದ್ದತ್ ಎಂದರೆ ವಿಧವೆ ಮನೆಯಲ್ಲೇ ಇರಬೇಕು, ನಾಲ್ಕು ತಿಂಗಳು ಹತ್ತು ದಿನ. ನಾವಿಬ್ಬರೂ ಹೊಲಿಯುತ್ತಿದ್ದ ಬಾಡಿಗೆ ಅಂಗಡಿಗೆ ಬೀಗ. ಮಾಲೀಕ ಬೇರೆಯವರಿಗೆ ಕೊಟ್ಟುಬಿಟ್ಟರೆ? ಅದೇ ಹೆದರಿಕೆ. ಇವರ ಕೋಟಿನ ಗುಂಡಿಯೊಂದನ್ನು ಸಫರ್ ಡಬ್ಬಿಯ ಮೇಲಿಟ್ಟೆ. ಹೊಸ ಚಂದ್ರ ಕಂಡಾಗ ಮುಂದಿನ ಡಬ್ಬಿಗೆ ದಾಟಿಸುತ್ತಿದ್ದೆ. ಗುಂಡಿ ಬೆಲ್ಲಕ್ಕೆ ಬಂದು, ಚಂದ್ರ ದುಂಡಗಾಗುತ್ತ ಬಂದರೆ ನನಗೆ ಬಿಡುಗಡೆ.

ಒಂದು ಬೆಳಿಗ್ಗೆ ನೋಡುತ್ತೇನೆ, ಗುಂಡಿ ಬೆಲ್ಲದ ಮೇಲಿದೆ. ಹಿಂದಿನ ರಾತ್ರಿ ಚಂದ್ರನೂ ದುಂಡಗೇ ಇದ್ದ. ಅಳುತ್ತ ತಿಂಗಳು ಕಳೆದದ್ದೇ ಮರೆತಿದೆ ಎಂದುಕೊಂಡೆ. ಸೀರೆ ಬದಲಿಸಿ ಬೀಗದ ಕೈ ತೆಗೆದುಕೊಂಡೆ.

ಬಾಗಿಲಲ್ಲಿ ಇವರ ಅಕ್ಕ. ನನ್ನ ಜೊತೆಗಿರಲು ಬಂದವರು.

"ಸವಾರಿ ಎಲ್ಲಿಗೆ?"

"ಅಂಗಡಿಗೆ ಅಕ್ಕ. ಎರಡನೇ ಜುಮಾದಾ ಬಂತಲ್ಲ."

"ಯಾರು ಹೇಳಿದ್ದು?"

"ಬೆಲ್ಲ."

ಅವರು ನನ್ನ ಹಣೆ ಮುಟ್ಟಿ ನೋಡಿದರು. ಆಮೇಲೆ ಡಬ್ಬಿಗಳ ಕಡೆ ನೋಡಿದರು.

"ಅಯ್ಯೋ ತಾಯಿ, ನಿನ್ನೆ ಡಬ್ಬಿ ತೊಳೆದು ಗುಂಡಿ ಎಲ್ಲಿ ಜಾಗ ಸಿಕ್ತೋ ಅಲ್ಲಿಟ್ಟೆ. ಇನ್ನೂ ಎರಡನೇ ರಬೀ ಕಣೇ, ಎರಡು ತಿಂಗಳು ಬಾಕಿ. ತಿಂಗಳು ತಿಳೀಬೇಕಾದ್ರೆ ಚಂದ್ರನ್ನ ಕೇಳು, ಬೆಲ್ಲಾನಲ್ಲ."

ಇವರು ಹೋದ ಮೇಲೆ ನಾನು ಮೊದಲ ಸಲ ನಕ್ಕೆ. ನಕ್ಕು, ಬೀಗದ ಕೈ ಮೊಳೆಗೆ ತೂಗುಹಾಕಿ, ಗುಂಡಿಯನ್ನು ಸಣ್ಣ ಬೇಳೆಗೆ ವಾಪಸ್ ಕಳಿಸಿದೆ.

ಅಂಗಡಿ ಉಳಿಯಿತು. ಮಾಲೀಕನ ಹೆಂಡತಿಯ ರವಿಕೆ ಅರ್ಧ ಹೊಲಿದು ಒಳಗಿತ್ತು, ಅಂಗಡಿ ಬೇರೆಯವರಿಗೆ ಕೊಡುವುದು ಹೇಗೆ.

ಈಗಲೂ ಬೆಳಿಗ್ಗೆ ಅಂಗಡಿಗೆ ಹೊರಡುವ ಮುಂಚೆ ಹೆಸರು ಹೇಳುತ್ತ ಒಂದೊಂದೇ ಡಬ್ಬಿ ಒರೆಸುತ್ತೇನೆ. ಸಫರನ್ನೂ ಒರೆಸುತ್ತೇನೆ. ಮುಚ್ಚಳ ತೆಗೆದು ಒಳಗೆ ನೋಡಿ, ಮುಚ್ಚಿಡುತ್ತೇನೆ.