ಮಾತಿಲ್ಲದ ಹಾಲಕ್ಕಿ

ತಿಪಟೂರು ಕಡೆ ಏನು ಬೇಕಾದರೂ ಮಾಡಿ, ಸುಮ್ಮನೆ ಮಾತ್ರ ಕೂರಬೇಡಿ, ಅನುಮಾನ ಬರುತ್ತದೆ. ನಾನು ಪಂಪ್‌ಸೆಟ್ ಮೋಟಾರು ರಿಪೇರಿಯವನು. ಹಕ್ಕಿಗಳ ದನಿ ಕೇಳಿಕೊಂಡು, ನಮ್ಮ ಜನಪದ ಮಟ್ಟಿನಲ್ಲಿ, ಬರೀ ಗಿಟಾರಿನ ಆಲ್ಬಂ ಮಾಡಲು ಹೊರಟಿದ್ದೇ ತಪ್ಪಾಯಿತು. ಎಂಟು ಹಕ್ಕಿ, ಎಂಟು ಟ್ಯೂನು, ಹಾಡುವವರು ಯಾರೂ ಇಲ್ಲ.

೧

ತುರುವೇಕೆರೆ ರಸ್ತೆಯ ತೋಟವೊಂದರಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿ, ಮೈಕು ಹಿಡಿದು ನೆಲದ ಮೇಲೆ ಕೂತಿದ್ದೆ. ಪೊದೆಯಲ್ಲಿ ಕೆಂಬೂತ ಕೂಗುತ್ತಿತ್ತು. ತೋಟದ ಯಜಮಾನರು ಮೆಲ್ಲಗೆ ಬಂದು ಪಿಸುಗುಟ್ಟಿದರು:

"ಎಷ್ಟು ಇಂಚು ಐತೆ?"

"ಏನು?"

"ನೀರು ಕಣಪ್ಪ."

"ನಾನು ಹಕ್ಕಿ ಕೂಗು ಕೇಳ್ತಿದೀನಿ ಯಜಮಾನ್ರೇ."

"ಬುಡು ಬುಡು. ಮೋಟ್ರು ರಿಪೇರಿಯೋನು ಮಿಷಿನ್ ಹಾಕ್ಕೊಂಡು ಹಕ್ಕಿ ಕೇಳ್ತಾನಾ?"

ವಾರ ಬಿಟ್ಟು ಹೋದರೆ ನಾನು ಕೂತಿದ್ದ ಜಾಗದಲ್ಲೇ ಬೋರ್‌ವೆಲ್ ಲಾರಿ ನಿಂತಿತ್ತು.

೨

ಮನೆಯಲ್ಲೂ ಇದೇ ಕಥೆ. ಫೋನಿನಲ್ಲಿ "ಕೋಗಿಲೆ ಒಂದು", "ಕೋಗಿಲೆ ಎರಡು", "ಕೋಗಿಲೆ ಫೈನಲ್" ಎಂದು ಹೆಸರಿಟ್ಟಿದ್ದು ಹೆಂಡತಿಯ ಕಣ್ಣಿಗೆ ಬಿತ್ತು.

"ಯಾರ್ರೀ ಇವಳು?"

"ಹಕ್ಕಿ ಕಣೇ. ಬೇಕಾದ್ರೆ ಕೇಳು."

ಒಲೆ ಆರಿಸಿ ಬಂದು ಮೂರನ್ನೂ ಕೇಳಿದಳು. ಒಂದು ಮಾತೂ ಇಲ್ಲ, ಬರೀ ಗಿಟಾರು. ಸದ್ಯ ಗೆದ್ದೆ ಅಂದುಕೊಂಡೆ.

"ಮಾತಾಡಿದ್ದನ್ನೆಲ್ಲ ಎಷ್ಟು ನೀಟಾಗಿ ಅಳಿಸಿದೀರಾ!" ಅಂದಳು.

೩

ಕೊನೆಯ ಟ್ಯೂನು ಹಾಲಕ್ಕಿಯದು. ಅದರ ಶುರುವಿಗೆ ನಿಜವಾದ ಹಕ್ಕಿಯ ದನಿ ಸಿಗದಿದ್ದರೆ ಆಲ್ಬಂ ಮುಗಿಯುವಂತಿರಲಿಲ್ಲ. ಹಕ್ಕಿ ಇದ್ದದ್ದು ಹೊನ್ನವಳ್ಳಿಯ ಅಜ್ಜನೊಬ್ಬರ ತೋಟದ ಮಾವಿನ ಪೊಟರೆಯಲ್ಲಿ. ಮೂರು ಸಲ ಗೇಟಿನಿಂದಲೇ ವಾಪಸ್ ಕಳಿಸಿದ್ದರು. ನನಗೆ ಅಳು ಬರುವುದೊಂದು ಬಾಕಿ. ನಾಲ್ಕನೆಯ ಸಲ, ಹಾಲಕ್ಕಿ ಮೇಲೆ ಟ್ಯೂನು ಮಾಡಿದೀನಿ ಅಂದಾಗ, "ಮೊದ್ಲು ನಿನ್ನ ಹಾಲಕ್ಕಿ ಕೇಳ್ಸು" ಎಂದು ಒಳಗೆ ಬಿಟ್ಟರು.

ಹಾಲಕ್ಕಿ ನುಡಿದರೆ ಶಕುನ ಅನ್ನುವ ಜನ ನಾವು. ಅವತ್ತೇ ಅಜ್ಜನ ಮೊಮ್ಮಗಳನ್ನು ನೋಡಲು ಕಂದಿಕೆರೆಯಿಂದ ಗಂಡಿನ ಕಡೆಯವರು ಬರುವವರಿದ್ದರು. ಫೋನಿನಲ್ಲಿ ನನ್ನ ಟ್ಯೂನು ಹಾಕಿದೆ, ಅಜ್ಜ ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

"ಏನಂತು?"

"ಏನೂ ಅನ್ನಲ್ಲ ಅಜ್ಜ. ಇದರಲ್ಲಿ ಮಾತಿಲ್ಲ."

"ಹಾಲಕ್ಕಿ ಅಂತೀಯ, ಏನೂ ನುಡಿಯಾಕಿಲ್ಲ ಅಂತೀಯ. ಕೆಟ್ಟದ್ದೇ ನುಡಿದೈತೆ, ಮುಚ್ಚಿಡ್ತಿದ್ದೀಯ!"

ಕೈಗೆ ಬಂದ ತುತ್ತು ಬಾಯಿಗೆ ಬರದೆ ಹೋದೀತು ಎಂದು ಹೆದರಿ, ತೋಚಿದ್ದು ಹೇಳಿದೆ: "ಶುಭ ನುಡಿದೈತೆ ಅಜ್ಜ! ಗಂಡು ಒಪ್ತಾನೆ!"

ಅಜ್ಜನ ಮುಖ ಅರಳಿತು. ಮರುಕ್ಷಣವೇ ಹುಬ್ಬು ಗಂಟಾಯಿತು. ಮಗನನ್ನು ಕೂಗಿದರು:

"ಲೇ, ಗೇಟು ಹಾಕ್ಲಾ! ಮಾತೇ ಇಲ್ಲ ಅಂದೋನು ಇಷ್ಟು ಹೇಳವ್ನೆ. ಮಿಕ್ಕಿದ್ದು ಬಾಯಿ ಬಿಡೋ ತನಕ ಇವನ್ನ ಆಚೆ ಬಿಡಬ್ಯಾಡ!"